ಸೂಲಗಿತ್ತಿಯ ಕೈ

ನಡುರಾತ್ರಿ ಬಾಗಿಲು ಬಡಿದವರ ಹಿಂದೆ ಲಾಂದ್ರದ ಬೆಳಕಿನಲ್ಲಿ ನಡೆದುಹೋಗಿ, ನೋವಿನಿಂದ ಬಳಲುವ ಬಸುರಿಯ ಬೆನ್ನನ್ನು ನೀವುತ್ತ, ಹೊಟ್ಟೆಯ ಮೇಲೆ ಅಂಗೈಯಿರಿಸಿ ಕೂಸಿನ ತಲೆ ಯಾವ ಕಡೆಗಿದೆಯೆಂಬುದನ್ನು ಸ್ಪರ್ಶಮಾತ್ರದಿಂದಲೇ ಅರಿತು, ಅವಸರಿಸದೆ ಬೆಳಗಿನವರೆಗೆ ಕಾದು ಕುಳಿತ ಸೂಲಗಿತ್ತಿಗೆ, ಶಿಶುವಿನ ಪ್ರಥಮ ರೋದನ ಕಿವಿಗೆ ಬಿದ್ದ ಕ್ಷಣದಲ್ಲಿ ಉಂಟಾಗುವ ಆನಂದಕ್ಕೆ ಸಮನಾದುದು ಲೋಕದ ಇನ್ನಾವ ವೃತ್ತಿಯಲ್ಲಿಯೂ ಇರಲಾರದೆಂದು ನಾನು ನಂಬಿದ್ದೇನೆ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಜ್ಜಿಯಿಂದ ಈ ವಿದ್ಯೆಯನ್ನು ಪಡೆದು, ಸುಮಾರು 70 ವರ್ಷಗಳ ಕಾಲ 15,000ಕ್ಕೂ ಮಿಕ್ಕ ಹೆರಿಗೆಗಳನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರ್ 25ರಂದು ಅವರು ತೀರಿಕೊಂಡರು.

ಅಪಾಯದ ಸುಳಿವು ಕಂಡಾಗ ಆಸ್ಪತ್ರೆಯೇ ಶರಣ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಕ್ಕುಳ ಬಳ್ಳಿ ಕತ್ತರಿಸಿ, ಬಿಸಿನೀರಿನಲ್ಲಿ ಮೀಯಿಸಿದ ಕೂಸನ್ನು ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸುತ್ತಿದ್ದ ಆ ಮುದಿ ಕೈಗಳು ಬಾಣಂತಿಗೆ ಕೊಡುತ್ತಿದ್ದ ಧೈರ್ಯ ಔಷಧಕ್ಕಿಂತ ಕಡಿಮೆಯದೇನಲ್ಲ. ನಿಮ್ಮ ಮನೆಯ ಹಿರಿಯರನ್ನು ಇಂದು ಕೇಳಿ ನೋಡಿ, ಅವರನ್ನು ಮೊದಲು ಎತ್ತಿಕೊಂಡ ಕೈ ಯಾರದೆಂದು. ಆ ಹೆಸರನ್ನು ಮಕ್ಕಳಿಗೂ ಹೇಳಿರಿ.