ನಲ್ಲಿ ಕೆಟ್ಟಿದೆಯೋ, ಪಂಪ್ ಕೆಟ್ಟಿದೆಯೋ?



ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ತಿಂಗಳು. ಡೊಂಬಿವಲಿಯ ಮನೆಯಲ್ಲಿ ಮಗು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಅದರೊಳಗೊಂದು ವರ್ಚುವಲ್ ಮಷೀನ್, ಅದರಲ್ಲಿ ಲಿನಕ್ಸ್. ನನ್ನ ಪ್ರೋಗ್ರಾಮ್ ಓಡುತ್ತಿತ್ತು, ಆದರೆ ಉತ್ತರ ತಪ್ಪು. ಕಾರಣ ಹುಡುಕಲು ಜಿಡಿಬಿ ಡೀಬಗರ್‌ನಲ್ಲಿ ಒಂದು ವೇರಿಯಬಲ್‌ಗೆ ಕಾವಲಿಟ್ಟರೆ ಇಡೀ ಲಿನಕ್ಸ್ ಕುಸಿಯುತ್ತಿತ್ತು. ‘ರಜೆಯಲ್ಲಿ ಕಲಿತದ್ದೆಲ್ಲ ಮರೆತೆನೇ?’ ಎಂದು ಅಳುಕುತ್ತ ಮೂರು ರಾತ್ರಿ ನನ್ನ ಕೋಡನ್ನೇ ತಿದ್ದಿದೆ.

ನಾಲ್ಕನೆಯ ರಾತ್ರಿ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಹತ್ತೇ ಸಾಲಿನ ಹೊಸ ಪ್ರೋಗ್ರಾಮ್ ಬರೆದು ಕಾವಲಿಟ್ಟೆ. ಆಗಲೂ ಲಿನಕ್ಸ್ ಕುಸಿಯಿತು! ಅಂದರೆ ಕುಸಿತಕ್ಕೆ ನನ್ನ ಕೋಡ್ ಕಾರಣವಲ್ಲ.

ಇಂಥ ಕಾವಲಿಗೆ ಜಿಡಿಬಿ ಪ್ರೊಸೆಸರಿನ ಡೀಬಗ್ ರಿಜಿಸ್ಟರ್‌ಗಳನ್ನು ಬಳಸುತ್ತದೆ. ಎಕ್ಸ್86 ಪ್ರೊಸೆಸರಿನಲ್ಲಿ ವಿಳಾಸ ಇಡಲು ಅಂಥವು 4 ಮಾತ್ರ. ವರ್ಚುವಲ್ ಮಷೀನ್‌ಗೆ ಅವನ್ನು ಒದಗಿಸಬೇಕಾದದ್ದು ಕೆಳಗಿರುವ ಹೈಪರ್‌ವೈಸರ್. ಎಡವಿದ್ದು ಅದೇ. ಜಿಡಿಬಿಯಲ್ಲಿ ‘ಸೆಟ್ ಕ್ಯಾನ್-ಯೂಸ್-ಎಚ್‌ಡಬ್ಲ್ಯೂ-ವಾಚ್‌ಪಾಯಿಂಟ್ಸ್ 0’ ಎಂದು ಕೊಟ್ಟೆ. ಈಗ ಅದು ಒಂದೊಂದೇ ಹೆಜ್ಜೆಗೆ ನಿಂತು ಬೆಲೆ ನೋಡುತ್ತದೆ. ಬಹಳ ನಿಧಾನ, ಆದರೆ ಕುಸಿಯಲಿಲ್ಲ. ಬೆಳಗಾಗುವುದರೊಳಗೆ ನನ್ನ ನಿಜವಾದ ತಪ್ಪು ಸಿಕ್ಕಿತು. ಹೈಪರ್‌ವೈಸರಿನ ಹೊಸ ಆವೃತ್ತಿ ಹಾಕಿದ ಮೇಲೆ ಕುಸಿತವೂ ನಿಂತಿತು.

ಮನೆಯಲ್ಲಿ ನೀರು ಬರದಿದ್ದರೆ ನಲ್ಲಿ ಬಿಚ್ಚುವ ಮೊದಲು ಸೊಸೈಟಿಯ ಪಂಪ್ ನಡೆಯುತ್ತಿದೆಯೇ ಎಂದು ಕೇಳುತ್ತೇವಲ್ಲವೇ? ರಜೆ ಮುಗಿಸಿ ಮರಳುವ ತಂಗಿಯರೇ, ನಿಮ್ಮನ್ನು ನೀವೇ ದೂರಿಕೊಳ್ಳುವ ಮೊದಲು ಹತ್ತು ಸಾಲಿನ ಪರೀಕ್ಷೆಯೊಂದನ್ನು ಮಾಡಿ ನೋಡಿ.