ಕಾಲಕ್ರಮವೋ, ವಂಶಕ್ರಮವೋ?



ಮನೆತನದ ಕಥೆಯನ್ನು ಎರಡು ರೀತಿಯಲ್ಲಿ ಹೇಳಬಹುದು. ಹುಟ್ಟಿದ ಇಸವಿಯ ಪ್ರಕಾರ ಎಲ್ಲರ ಹೆಸರನ್ನೂ ಸಾಲಾಗಿ ಓದುವುದು ಒಂದು. ಒಂದು ಕವಲನ್ನು ಹಿಡಿದು ಮೊಮ್ಮಗನಿಂದ ಅಜ್ಜನವರೆಗೆ ಹೋಗಿ, ಆಮೇಲೆ ಇನ್ನೊಂದು ಕವಲಿಗೆ ಬರುವುದು ಮತ್ತೊಂದು. ತಂತ್ರಾಂಶಗಳ ತಿದ್ದುಪಡಿಗಳನ್ನು ದಾಖಲಿಸುವ 'ಗಿಟ್' ಎದುರಿಸುವುದೂ ಇದೇ ಆಯ್ಕೆಯನ್ನು.

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಲೈನಕ್ಸ್ ಕೆಲಸಕ್ಕಾಗಿ ಗಿಟ್ ರಚಿಸಿದರು. ಅದರಲ್ಲಿ ಪ್ರತಿ ತಿದ್ದುಪಡಿಯೂ ತನ್ನ ತಾಯಿಯ ಗುರುತನ್ನು ಹೊತ್ತಿರುತ್ತದೆ. ಎರಡು ಕವಲುಗಳು ಕೂಡಿದಾಗ ತಾಯಂದಿರು ಇಬ್ಬರು.

ಸುಮ್ಮನೆ ಕೇಳಿದರೆ ಗಿಟ್ ತಾರೀಖು ನೋಡಿ, ಇತ್ತೀಚಿನದರಿಂದ ಹಿಂದಕ್ಕೆ ತೋರಿಸುತ್ತದೆ. ಉತ್ತರ ಥಟ್ಟನೆ ಬರುತ್ತದೆ. ಆದರೆ ತಾರೀಖು ಬರೆಯುವುದು ಅವರವರ ಗಣಕದ ಗಡಿಯಾರ. ಅದು ತಪ್ಪಿದ್ದರೆ ಮಗು ತಾಯಿಗಿಂತ ಮೊದಲೇ ಹುಟ್ಟಿದಂತೆ ದಾಖಲಾಗುತ್ತದೆ! ಗಡಿಯಾರ ಸರಿಯಿದ್ದರೂ, ಒಂದೇ ವಾರದಲ್ಲಿ ಇಬ್ಬರು ಮಾಡಿದ ಕೆಲಸ ಕಲಸಿಹೋಗಿ, ದೋಷ ಹುಡುಕುವವರಿಗೆ ಎಳೆ ಸಿಗುವುದಿಲ್ಲ.

ವಂಶಕ್ರಮದಲ್ಲಿ ಎಲ್ಲ ಮಕ್ಕಳೂ ಬಂದ ಮೇಲೆಯೇ ತಾಯಿ ಬರುವುದು, ಕವಲುಗಳು ಬೆರೆಯುವುದಿಲ್ಲ. ಇದಕ್ಕೆ ಬೆಲೆಯೂ ಇತ್ತು: ಮೊದಲ ಸಾಲು ಕಾಣಿಸುವ ಮುನ್ನ ಇಡೀ ಚರಿತ್ರೆಯನ್ನು ಒಮ್ಮೆ ಸುತ್ತಿ ಬರಬೇಕಿತ್ತು. 2018ರಲ್ಲಿ ಪ್ರತಿ ತಿದ್ದುಪಡಿಗೂ ತಲೆಮಾರಿನ ಸಂಖ್ಯೆ ಬರೆದಿಡುವ ಏರ್ಪಾಡು ಬಂತು. ಮೂಲಕ್ಕೆ 1, ಉಳಿದವಕ್ಕೆ, ತಾಯಂದಿರ ಸಂಖ್ಯೆಗಳಲ್ಲಿ ದೊಡ್ಡದಕ್ಕೆ ಒಂದು ಕೂಡಿಸಿದ್ದು. ಎಷ್ಟು ದೂರ ಹುಡುಕಿದರೆ ಸಾಕೆಂಬುದು ಅದರಿಂದ ತಿಳಿಯುತ್ತದೆ.

ನಿನ್ನೆ ಏನೇನು ನಡೆಯಿತೆಂದು ನೋಡಲು ಕಾಲಕ್ರಮ ಸಾಕು. ಯಾವುದರಿಂದ ಯಾವುದು ಹುಟ್ಟಿತೆಂದು ಅರಿಯಲು ವಂಶಕ್ರಮವೇ ಬೇಕು.