ಯಾವ ಊರಿನ ಸುಬ್ಬಣ್ಣ?

2005ರ ಜುಲೈ 16ರಂದು ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಸುಬ್ಬಣ್ಣ ತೀರಿಕೊಂಡರು. 2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ಇನ್ನೊಬ್ಬ ಸುಬ್ಬಣ್ಣ ತೀರಿಕೊಂಡರು. ಒಬ್ಬರು ನಾಟಕದವರು, ಒಬ್ಬರು ಹಾಡಿನವರು. ನಾಟಕದ ಸುಬ್ಬಣ್ಣನವರು 1932ರಲ್ಲಿ ಹುಟ್ಟಿದವರು, ಸಾಗರ ತಾಲೂಕಿನವರು. ಹಾಡಿನ ಸುಬ್ಬಣ್ಣನವರು 1938ರಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹುಟ್ಟಿದವರು. ಹೊರಗಿನ ಸ್ನೇಹಿತರು ಇವರಿಬ್ಬರನ್ನೂ ಸೇರಿಸಿ ಒಬ್ಬರೇ ಎಂದುಕೊಂಡು ಮಾತಾಡುವುದನ್ನು ನಾನು ಕೇಳಿದ್ದೇನೆ. ನಮ್ಮ ಕಡೆಯವರಿಗೆ ಆ ಗೊಂದಲವಿಲ್ಲ. ಹೆಗ್ಗೋಡು ಎಂದರೆ ಒಬ್ಬರು, ಶಿವಮೊಗ್ಗ ಎಂದರೆ ಇನ್ನೊಬ್ಬರು.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕುಗಳಲ್ಲಿ ಒಂದೇ ಹೆಸರಿನ ದೊಡ್ಡವರು ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಅವರನ್ನು ಜನ ಹೇಗೆ ಬೇರೆ ಬೇರೆಯಾಗಿ ಗುರುತಿಟ್ಟುಕೊಂಡರು, ಆ ಕ್ರಮ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎನ್ನುವುದು ಇವತ್ತಿನ ಮಾತು.

ಕೆಳದಿಯ ಅರಸುಮನೆತನದಿಂದಲೇ ಶುರುಮಾಡೋಣ. ಸದಾಶಿವ ನಾಯಕನ ಮಕ್ಕಳಿಬ್ಬರ ಹೆಸರೂ ಸಂಕಣ್ಣ. ಒಬ್ಬ ದೊಡ್ಡ ಸಂಕಣ್ಣ, ಇನ್ನೊಬ್ಬ ಚಿಕ್ಕ ಸಂಕಣ್ಣ. ಮುಂದೆ ವೆಂಕಟಪ್ಪ ನಾಯಕರು ಇಬ್ಬರು, ಸೋಮಶೇಖರ ನಾಯಕರು ಇಬ್ಬರು, ಬಸವಪ್ಪ ನಾಯಕರು ಇಬ್ಬರು. ಅಜ್ಜನ ಹೆಸರು ಮೊಮ್ಮಗನಿಗೆ, ಮನೆದೇವರ ಹೆಸರು ಎಲ್ಲರಿಗೂ. ಅರಮನೆಯಲ್ಲೂ ಅದೇ ಪದ್ಧತಿ, ಹುಲ್ಲು ಮಾಡಿನ ಮನೆಯಲ್ಲೂ ಅದೇ. ಇಂಥ ಕಡೆ ಹಿರಿಯ, ಕಿರಿಯ, ದೊಡ್ಡ, ಚಿಕ್ಕ ಎನ್ನುವ ಮಾತೇ ಸಾಕಾಗುತ್ತಿತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಇಕ್ಕೇರಿಗೆ ಬಂದಾಗ ಆಳುತ್ತಿದ್ದವನು ಹಿರಿಯ ವೆಂಕಟಪ್ಪ. ಅವನ ಮೊಮ್ಮಗನ ತಲೆಮಾರಿನಲ್ಲಿ ರಾಜಧಾನಿ ಇಕ್ಕೇರಿ ಬಿಟ್ಟು ಬಿದನೂರಿನಲ್ಲಿ ನೆಲೆಯಾಗಿತ್ತು.

ಆ ಬಿದನೂರಿನಿಂದ 1671ರಿಂದ 25 ವರ್ಷ ಆಳಿದವಳು ಚೆನ್ನಮ್ಮ. ಕುಂದಾಪುರದ ಕಡೆಯ ವ್ಯಾಪಾರಿಯ ಮಗಳು, ಸೋಮಶೇಖರ ನಾಯಕನ ಹೆಂಡತಿ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಜಿಂಜಿಯ ಕಡೆ ಹೊರಟಾಗ ದಾರಿಯಲ್ಲಿ ಆಸರೆ ಕೊಟ್ಟವಳು. 135 ವರ್ಷ ಕಳೆದು, 1824ರ ಅಕ್ಟೋಬರಿನಲ್ಲಿ, ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದಾಗ ಅಲ್ಲಿದ್ದ ರಾಣಿಯ ಹೆಸರೂ ಚೆನ್ನಮ್ಮ. ಇಬ್ಬರಿಗೂ ರಾಣಿ ಎನ್ನುವ ಪದವಿ ಒಂದೇ, ಹೋರಾಟವೂ ಇಬ್ಬರದೂ ದೊಡ್ಡದೇ. ಇಲ್ಲಿ ದೊಡ್ಡ, ಚಿಕ್ಕ ಎಂದು ಕರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಹಾಗಾಗಿ ಊರು ಮುಂದೆ ಬಂತು. ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ. ಮೊದಲಿನವಳು ಆಳಿದ್ದು ಬಿದನೂರಿನಿಂದಾದರೂ ಹೆಸರಿಗೆ ಸೇರಿದ್ದು ಮನೆತನದ ಮೂಲವಾದ ಕೆಳದಿ. ಬಿದನೂರಿಗೆ ಆ ಭಾಗ್ಯ ಇರಲಿಲ್ಲ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಮಾಡಿದ. ಹೈದರ ಹೋಗಿ ಬರೀ ನಗರ ಉಳಿಯಿತು. ಆಮೇಲೆ ತಾಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋಗಿ ಅದು ಹೊಸನಗರವಾಯಿತು.

ಮಲೆನಾಡಿನಲ್ಲಿ ಊರು ಎಂದರೆ ಏನು ಎನ್ನುವುದನ್ನೂ ಇಲ್ಲಿ ಹೇಳಬೇಕು. ಬಯಲುಸೀಮೆಯ ಹಾಗೆ ನೂರು ಮನೆ ಒಟ್ಟಿಗೆ ಇರುವ ಊರಲ್ಲ ನಮ್ಮದು. ಒಂದು ಗುಡ್ಡದ ಬುಡದಲ್ಲಿ ಒಂದು ಮನೆ, ಅದರ ಕೆಳಗೆ ತೋಟ, ಗದ್ದೆ. ಅದಕ್ಕೊಂದು ಹೆಸರು. ಮುಂದಿನ ಮನೆಗೆ ಹೋಗಬೇಕಾದರೆ ಒಂದು ಹಕ್ಕಲು ದಾಟಬೇಕು. ಕುಪ್ಪಳಿ ಎಂದರೆ ಊರೂ ಹೌದು, ಮನೆಯೂ ಹೌದು. ಮಂಜಪ್ಪ, ತಿಮ್ಮಪ್ಪ, ಪುಟ್ಟಪ್ಪ ಎಂಬ ಹೆಸರು ಪ್ರತಿ ಮನೆಯಲ್ಲೂ ಇರುವಾಗ ಮನೆಯ ಹೆಸರನ್ನು ಮೊದಲು ಹೇಳಿದರೆ ಮಾತ್ರ ಆಳು ಗೊತ್ತಾಗುವುದು. ಈ ರೂಢಿಯೇ ಮುಂದೆ ಕರ್ನಾಟಕದ ರಾಜಕೀಯ ಚರಿತ್ರೆಯೊಳಗೆ ಸಣ್ಣ ಸಣ್ಣ ಹಳ್ಳಿಗಳನ್ನು ಕೊಂಡೊಯ್ದಿತು.

ಕಡಿದಾಳು ಮಂಜಪ್ಪನವರನ್ನೇ ನೋಡಿ. ತೀರ್ಥಹಳ್ಳಿಯಲ್ಲಿ ವಕೀಲರಾಗಿದ್ದವರು, ಕಂದಾಯ ಮಂತ್ರಿಯಾಗಿ ಗೇಣಿದಾರರ ಪರ ನಿಂತವರು. 1956ರ ಆಗಸ್ಟ್ 19ರಿಂದ ಅಕ್ಟೋಬರ್ 31ರವರೆಗೆ, ಕನ್ನಡ ನಾಡು ಒಂದಾಗುವ ಹಿಂದಿನ ದಿನದವರೆಗೆ, ಮೈಸೂರಿನ ಮುಖ್ಯಮಂತ್ರಿ. ಅವರಿಗೂ ಮೊದಲೇ ಜನರ ಬಾಯಲ್ಲಿ ಇನ್ನೊಬ್ಬ ಮಂಜಪ್ಪನವರು ಇದ್ದರು. ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು. ಮೇಷ್ಟ್ರಾಗಿದ್ದು, ಆ ಕೆಲಸ ಬಿಟ್ಟು ದಾವಣಗೆರೆಯಲ್ಲಿ ‘ಧನುರ್ಧಾರಿ’ ಪತ್ರಿಕೆ ನಡೆಸಿದರು. ಬಸವ ಜಯಂತಿಯನ್ನು ಸಾರ್ವಜನಿಕ ಹಬ್ಬ ಮಾಡಿದರು. ಕರ್ನಾಟಕದ ಗಾಂಧಿ ಎಂದು ಕರೆಸಿಕೊಂಡು 1947ರ ಜನವರಿಯಲ್ಲಿ, ಸ್ವಾತಂತ್ರ್ಯ ಬರುವ ಮೊದಲೇ, ಹೋಗಿಬಿಟ್ಟರು. ಒಬ್ಬ ಮಂಜಪ್ಪ ವಿಧಾನಸೌಧದ ಕಾಲದವರು, ಇನ್ನೊಬ್ಬ ಮಂಜಪ್ಪ ಖಾದಿ, ಪ್ರವಚನ, ಪತ್ರಿಕೆಯ ಕಾಲದವರು.

ಗೋಪಾಲಗೌಡ ಎಂಬ ಹೆಸರೂ ಹಾಗೆಯೇ. ತೀರ್ಥಹಳ್ಳಿಯ ಆರಗದಲ್ಲಿ ಬೆಳೆದ ಸಮಾಜವಾದಿಗೆ ಶಾಂತವೇರಿ ಎಂಬ ಊರು ಅಂಟಿಕೊಂಡದ್ದರಿಂದಲೇ ಅವರು ನಾಡಿಗೆಲ್ಲ ಒಬ್ಬರೇ ಗೋಪಾಲಗೌಡರಾದರು. ಗೇಣಿ ಅಳೆಯುವ ಕೊಳಗದ ಅಳತೆಯ ಜಗಳದಿಂದ 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ಎದ್ದಾಗ ಮುಂದೆ ನಿಂತವರು ಅವರು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಗೆದ್ದು ವಿಧಾನಸಭೆಗೆ ಹೋದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಿ. ಗೋಪಾಲಗೌಡರು ಬೇರೆಯವರು, ಅವರು ಚಿಂತಾಮಣಿ ಕಡೆಯವರು. ಅದೇ ಕಾಗೋಡು ಮುಂದೆ ವಿಧಾನಸಭೆಯ ಸಭಾಧ್ಯಕ್ಷರಾದ ತಿಮ್ಮಪ್ಪನವರ ಹೆಸರಿನ ಮುಂದೆಯೂ ಕೂತಿತು. ಜನ ಅವರನ್ನು ‘ಕಾಗೋಡು’ ಎಂದಷ್ಟೇ ಕರೆದದ್ದೂ ಉಂಟು.

ಆಮೇಲೆ ಶಾಲೆ ಬಂತು, ಹಾಜರಿ ಪುಸ್ತಕ ಬಂತು, ಇನಿಶಿಯಲ್ ಬಂತು. ಊರು ಒಂದಕ್ಷರವಾಗಿ ಕುಗ್ಗಿತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕೆ.ವಿ. ಪುಟ್ಟಪ್ಪ ಆದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರ ಶಿಷ್ಯರಾಗಿದ್ದ ನಮ್ಮ ಹೆಗ್ಗೋಡಿನ ಹುಡುಗ ಕೆ.ವಿ. ಸುಬ್ಬಣ್ಣ. ಗುರುವಿಗೂ ಕೆ.ವಿ., ಶಿಷ್ಯನಿಗೂ ಕೆ.ವಿ. ಆದರೆ ಬಿಡಿಸಿದರೆ ಒಳಗಿರುವುದೇ ಬೇರೆ. ಪುಟ್ಟಪ್ಪನವರ ‘ವಿ’ ಅವರ ತಂದೆ ವೆಂಕಟಪ್ಪ. ಮಗ ಪೂರ್ಣಚಂದ್ರ ತೇಜಸ್ವಿಯವರ ಕಾಲಕ್ಕೆ ಅದು ಕೆ.ಪಿ. ಆಯಿತು, ತಂದೆ ಬದಲಾದರೆ ಅಕ್ಷರ ಬದಲಾಗಬೇಕು. ಸುಬ್ಬಣ್ಣನವರದು ಕುಂಟಗೋಡು ವಿಭೂತಿ ಸುಬ್ಬಣ್ಣ. ಅವರ ಮಗ ಅಕ್ಷರ ಅವರಿಗೂ ಅದೇ ಕೆ.ವಿ., ಮನೆತನದ ಅಕ್ಷರಗಳು ಹಾಗೆಯೇ ಇಳಿದು ಬಂದವು.

ಪುಟ್ಟಪ್ಪ ಎಂಬ ಹೆಸರಿನಲ್ಲೇ ಉತ್ತರ ಕರ್ನಾಟಕದಲ್ಲಿ ಇನ್ನೊಬ್ಬರು ಬೆಳೆದರು. ‘ಪ್ರಪಂಚ’ ಪತ್ರಿಕೆಯ ಪಾಟೀಲ ಪುಟ್ಟಪ್ಪ. ಇಬ್ಬರೂ ಚಿಕ್ಕ ಹೆಸರಿನಿಂದಲೇ ನಾಡಿಗೆ ಪರಿಚಿತರು. ಒಬ್ಬರು ಕುವೆಂಪು, ಒಬ್ಬರು ಪಾಪು. ‘ಕುವೆಂಪು’ವಿನ ನಡುವೆ ‘ವೆಂ’ ಎಂಬ ಒಂದಕ್ಷರವಾಗಿ ಕುಪ್ಪಳಿಯ ವೆಂಕಟಪ್ಪ ಗೌಡರು ಇನ್ನೂ ಇದ್ದಾರೆ. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡ ಆ ತಂದೆ ಕನ್ನಡದ ಬಾಯಿಗಳಲ್ಲಿ ದಿನವೂ ಉಚ್ಚಾರವಾಗುತ್ತಿರುವುದು ನನಗೆ ಬಹಳ ಹಿತ ಕೊಡುವ ವಿಷಯ.

ಹೆಣ್ಣುಮಕ್ಕಳ ಪೈಕಿ ಎಂ.ಕೆ. ಇಂದಿರಾ ಅವರನ್ನು ಹೇಳದೆ ಹೋಗಲಾರೆ. ತೀರ್ಥಹಳ್ಳಿಯಲ್ಲಿ 1917ರ ಜನವರಿಯಲ್ಲಿ ಹುಟ್ಟಿದವರು. ಅದೇ ವರ್ಷದ ನವೆಂಬರಿನಲ್ಲಿ ಅಲಹಾಬಾದಿನಲ್ಲಿ ಹುಟ್ಟಿದ ಇಂದಿರಾ ಮುಂದೆ ದೇಶದ ಪ್ರಧಾನಿ. ಹೆಚ್ಚು ಶಾಲೆ ಕಾಣದ ನಮ್ಮ ಇಂದಿರಾ ನಲವತ್ತೈದು ದಾಟಿದ ಮೇಲೆ ‘ತುಂಗಭದ್ರಾ’ ಕಾದಂಬರಿಯಿಂದ ಓದುಗರ ಮುಂದೆ ಬಂದರು, ‘ಫಣಿಯಮ್ಮ’ ಬರೆದರು. ತಲೆ ಬೋಳಿಸಿಕೊಂಡು ಮನೆಯ ಹಿಂದಿನ ಕೋಣೆಯಲ್ಲಿ ಬದುಕು ಸವೆಸಿದ ಹೆಂಗಸರ ಲೋಕವನ್ನು ಒಳಗಿನಿಂದ ಕಂಡು ಬರೆದ ಪುಸ್ತಕ ಅದು. ಅವರ ‘ಎಂ’ ಎಂದರೆ ತುಂಗೆಯ ದಂಡೆಯ ಮಂಡಗದ್ದೆ.

ಈಗ ಸುಬ್ಬಣ್ಣನವರಿಬ್ಬರಿಗೆ ಮರಳುತ್ತೇನೆ. ಕನ್ನಡ ಓದುಗರಿಗೆ ಇವರಿಗೂ ಮೊದಲೇ ಒಬ್ಬ ಸುಬ್ಬಣ್ಣ ಗೊತ್ತಿದ್ದ. 1928ರಲ್ಲಿ ಮಾಸ್ತಿಯವರು ಬರೆದ ನೀಳ್ಗತೆಯ ಸುಬ್ಬಣ್ಣ, ಅವನೂ ಹಾಡುಗಾರ.

ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ 1949ರಲ್ಲಿ ಊರಿನವರೇ ಕಟ್ಟಿದ್ದು. ಸುಬ್ಬಣ್ಣನವರು ಮೈಸೂರಿನ ಓದು ಮುಗಿಸಿ ಅಲ್ಲೇ ನೌಕರಿ ಹುಡುಕಬಹುದಿತ್ತು. ಊರಿಗೆ ಬಂದು ಅಡಿಕೆ ತೋಟ ನೋಡಿಕೊಂಡು ನಾಟಕ ಆಡಿಸಿದರು, ಅಕ್ಷರ ಪ್ರಕಾಶನ ನಡೆಸಿದರು. 1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಅಡಿಕೆ ಸುಲಿದು ಕೈ ಕಪ್ಪಾದವರು ಸಂಜೆ ಅಲ್ಲಿ ಕೂತು ಷೇಕ್ಸ್‌ಪಿಯರ್ ನೋಡಿದರು, ಚಿತ್ರಸಮಾಜದವರು ತೋರಿಸಿದ ಸತ್ಯಜಿತ್ ರೇ, ಕುರೊಸಾವ ಸಿನಿಮಾ ನೋಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ. 1991ರ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂದದ್ದು ಆ ಹಳ್ಳಿಗೆ. ಅವರು ಊರು ಬಿಡಲಿಲ್ಲ, ಹಾಗಾಗಿ ಊರೇ ಅವರ ಹೆಸರಾಯಿತು.

ನಗರದ ಸುಬ್ಬಣ್ಣನವರದು ಇನ್ನೊಂದು ದಾರಿ. ಹೆತ್ತವರಿಟ್ಟ ಹೆಸರು ಸುಬ್ರಹ್ಮಣ್ಯ. ವಕೀಲಿಕೆ ವೃತ್ತಿ, ಹಾಡು ಜೀವ. ಬೆಂಗಳೂರು ಸೇರಿದ ಕಲಾವಿದನಿಗೆ ಅಲ್ಲಿನವರು ಕೊಡುವ ಗುರುತು ಜಿಲ್ಲೆಯದೇ ಹೊರತು ಹಳ್ಳಿಯದಲ್ಲ. ಹಾಗಾಗಿ ಶಿವಮೊಗ್ಗ ಸುಬ್ಬಣ್ಣ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದಲ್ಲಿ ಅವರು ಹಾಡಿದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು, ಹಿನ್ನೆಲೆ ಗಾಯನಕ್ಕೆ ಕನ್ನಡದ ಮೊದಲ ರಾಷ್ಟ್ರಪ್ರಶಸ್ತಿ ಅದು. ಕುವೆಂಪು ಅವರ ಕನ್ನಡ ಡಿಂಡಿಮದ ಗೀತೆಯನ್ನು ಅವರು ಆ ತುಂಬು ಕಂಠದಲ್ಲಿ ಎತ್ತಿಕೊಂಡರೆ ಸಭೆ ಸೆಟೆದು ಕೂರುತ್ತಿತ್ತು. ಚೆನ್ನಮ್ಮನಿಗೆ ಬಿದನೂರು ಸೇರಲಿಲ್ಲ, ಅದೇ ಊರಿನ ಹಾಡುಗಾರನಿಗೆ ನಗರವೂ ಸೇರಲಿಲ್ಲ. ಇದು ನನಗೆ ಕೊರಗಾಗಿಯೇ ಉಳಿದಿದೆ.

ಸುಬ್ಬಣ್ಣನವರ ಹಾಗೆಯೇ ಗಿರೀಶರೂ ಇಬ್ಬರು. ಹೆಗ್ಗೋಡಿನ ಸುಬ್ಬಣ್ಣನವರ ಸೋದರಳಿಯ ಗಿರೀಶ್ ಕಾಸರವಳ್ಳಿ, ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ ಹುಟ್ಟಿದವರು. ಔಷಧಶಾಸ್ತ್ರ ಓದಿ, ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. ಅವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1974–75ರಲ್ಲಿ, ಆ ಸಂಸ್ಥೆಯ ನಿರ್ದೇಶಕರು ಇನ್ನೊಬ್ಬ ಗಿರೀಶ್. ನಾಟಕಕಾರ ಕಾರ್ನಾಡರು. ತೀರ್ಥಹಳ್ಳಿಯ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ‘ಸಂಸ್ಕಾರ’ ಚಿತ್ರವಾದಾಗ ಪ್ರಾಣೇಶಾಚಾರ್ಯನಾದವರು ಹಿರಿಯ ಗಿರೀಶರು. ಅನಂತಮೂರ್ತಿಯವರದೇ ಕಥೆ ‘ಘಟಶ್ರಾದ್ಧ’ವನ್ನು 1977ರಲ್ಲಿ ಮೊದಲ ಚಿತ್ರ ಮಾಡಿದವರು ಕಿರಿಯ ಗಿರೀಶರು. ಎರಡಕ್ಕೂ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ. ಇಷ್ಟಾಗಿ ಅನಂತಮೂರ್ತಿಯವರ ‘ಯು’ ಎಂದರೆ ಉಡುಪಿ, ಮೇಳಿಗೆಯಲ್ಲ.

ಕಾಸರವಳ್ಳಿಯವರಿಗೆ ನಾಲ್ಕನೆಯ ಬಾರಿ ಆ ರಾಷ್ಟ್ರಪ್ರಶಸ್ತಿ ತಂದದ್ದು ‘ದ್ವೀಪ’, ಸಾಗರದ ನಾ. ಡಿಸೋಜ ಅವರ ಕಾದಂಬರಿ. ಅಣೆಕಟ್ಟಿನ ನೀರು ಏರುತ್ತಿರುವಾಗ ಮನೆ ಬಿಡದೆ ಕೂತವರ ಕಥೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರದ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿನೊಳಗೆ ಹೋದವು. ಅಲ್ಲಿಂದ ಎದ್ದುಬಂದ ಮನೆತನಗಳಲ್ಲಿ ಮುಳುಗಿದ ಊರಿನ ಹೆಸರು ಇವತ್ತು ಒಂದು ಇನಿಶಿಯಲ್ ಆಗಿ ಉಳಿದಿದ್ದರೂ ಉಳಿದಿರಬಹುದು. ನೀವು ಅಂಥ ಮನೆಯವರಾಗಿದ್ದರೆ ಆ ಅಕ್ಷರವನ್ನು ಬಿಡಿಸಿ ಪೂರ್ತಿ ಹೆಸರನ್ನು ಎಲ್ಲಾದರೂ ಬರೆದಿಡಿ, ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ.